ಹೊಸ್ತಿಲ ಮೇಲಿನ ಉದ್ಯೋಗ

‘ಕಾರ್ಯದರ್ಶಿ’ ಎಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಅದರ ಅರ್ಥವನ್ನು ಕುರಿತು ಒಮ್ಮೆಯಾದರೂ ನಿಂತು ಯೋಚಿಸುವವರು ವಿರಳ. ಇಂಗ್ಲಿಷಿನ ‘ಸೆಕ್ರೆಟರಿ’ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ; ಗುಟ್ಟು ಎಂಬ ಅರ್ಥದ ಮಾತಿನಿಂದ ಅದು ಹುಟ್ಟಿತು. ಒಡೆಯನ ರಹಸ್ಯವನ್ನು ಕಾಪಾಡುವವನೇ ಅವರ ಸೆಕ್ರೆಟರಿ. ನಮ್ಮ ಶಬ್ದವಾದರೋ ಕಾರ್ಯವನ್ನು ಕಾಣಬಲ್ಲವನು ಎಂದು ಹೇಳುತ್ತದೆ. ಅವರ ಶಬ್ದ ಬಾಯಿ ಮುಚ್ಚಿರಬೇಕೆನ್ನುತ್ತದೆ. ನಮ್ಮದು ಕಣ್ಣು ತೆರೆದಿರಬೇಕೆನ್ನುತ್ತದೆ. ಈ ಎರಡೂ ಒಬ್ಬನಲ್ಲಿಯೇ ಕೂಡಿರಬೇಕಾದ ಉದ್ಯೋಗವಿದು. ಆದರೆ ಈ ಉದ್ಯೋಗಕ್ಕೆಂದು ನಾವು ಬಹುಕಾಲದಿಂದ ನಡೆಸುತ್ತ ಬಂದ ಪರೀಕ್ಷೆಗಳು ಕಣ್ಣನ್ನೂ ನೋಡಲಿಲ್ಲ, ಬಾಯನ್ನೂ ನೋಡಲಿಲ್ಲ. ಬೆರಳುಗಳ ವೇಗವನ್ನು ಅಳೆದು ತೃಪ್ತಿಪಟ್ಟುವು. ಈ ಕೊರತೆಯನ್ನು ತುಂಬಿಕೊಳ್ಳುವ ಕಾಲ ಬಂದಿದೆಯೆಂದು ನನ್ನ ಅಭಿಪ್ರಾಯ.

ನಾನು ವಾಸಿಸುವುದು ಬೈಯಪ್ಪನಹಳ್ಳಿಯಲ್ಲಿ. ಬೆಂಗಳೂರಿನ ಮೆಟ್ರೋ ರೈಲು 2011ರ ಅಕ್ಟೋಬರ್ 20ರಂದು ಮೊತ್ತಮೊದಲು ಓಡಿದ್ದು ಈ ಊರಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ. 2022ರ ಜೂನ್ ತಿಂಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ರೈಲ್ವೆ ಟರ್ಮಿನಲ್ಲೂ ಇಲ್ಲಿಯೇ ತೆರೆಯಿತು. ಬೆಳಗಿನ ಎಂಟೂವರೆಗೆ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ನಿಂತು ನೋಡಿದರೆ ನಗರದ ಕಛೇರಿಗಳ ಭಾರ ಯಾರ ಹೆಗಲ ಮೇಲಿದೆಯೆಂಬುದು ಗೊತ್ತಾಗುತ್ತದೆ. ಇಂದಿರಾನಗರ, ಹಲಸೂರು, ವಿಧಾನಸೌಧಗಳ ಕಡೆಗೆ ಹೋಗುವವರು ಒಂದು ಬದಿ. ಕೃಷ್ಣರಾಜಪುರ, ವೈಟ್‌ಫೀಲ್ಡುಗಳ ಕಡೆಗೆ ಹೋಗುವವರು ಇನ್ನೊಂದು ಬದಿ. ಇವರೆಲ್ಲರೂ ಎಂಜಿನಿಯರುಗಳಲ್ಲ. ಆಪ್ತ ಸಹಾಯಕರು, ಕಛೇರಿ ಸಹಾಯಕರು, ಸ್ವಾಗತದ ಮೇಜಿನಲ್ಲಿ ಕೂರುವವರು, ದೊಡ್ಡವರ ದಿನಚರಿಯನ್ನು ನೋಡಿಕೊಳ್ಳುವವರು ಇವರಲ್ಲಿ ಅನೇಕರು. ನನ್ನ ಹಳೆಯ ವಿದ್ಯಾರ್ಥಿಗಳೂ ಕೆಲವರುಂಟು. ಅವರ ಮಾತುಗಳನ್ನು ವರ್ಷಗಳಿಂದ ಕೇಳುತ್ತ ಬಂದುದರ ಫಲ ಈ ಲೇಖನ.

ಈ ಭಾಗಕ್ಕೆ ಕಛೇರಿಯ ಕೆಲಸ ಹೊಸದೇನೂ ಅಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದೂರವಾಣಿನಗರದ ಐ.ಟಿ.ಐ. ಕಾರ್ಖಾನೆ ಹುಟ್ಟಿತು. ಹಳೆ ಮದ್ರಾಸು ರಸ್ತೆಯ ಪಕ್ಕದಲ್ಲಿ ರಾಜ್ಯ ಸರ್ಕಾರದ ಎನ್.ಜಿ.ಇ.ಎಫ್. ವಿದ್ಯುದ್ಯಂತ್ರಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆಯೆಂದರೆ ಯಂತ್ರಗಳ ಅಂಗಳ ಮಾತ್ರವಲ್ಲವಲ್ಲ. ಅದಕ್ಕೊಂದು ಕಛೇರಿ, ಕಛೇರಿಗೊಬ್ಬ ಅಧಿಕಾರಿ, ಅಧಿಕಾರಿಗೊಬ್ಬ ಸ್ಟೆನೋ ಇರಲೇಬೇಕು. ಆ ನೌಕರಿಗಳನ್ನು ನೆಚ್ಚಿ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಬದುಕಿದ್ದುವು. ನಾನು ಪಿ.ಯು.ಸಿ. ಓದುತ್ತಿದ್ದ ಕಾಲದಲ್ಲಿಯೂ ಸಂಜೆಯ ಹೊತ್ತು ಮಾಳಿಗೆಯ ಮೇಲಿನ ಕೋಣೆಗಳಿಂದ ಆ ಯಂತ್ರಗಳ ಟಕಟಕ ಸದ್ದು ಬೀದಿಗೆ ಕೇಳಿಬರುತ್ತಿತ್ತು. ಕಿರಿಯ ದರ್ಜೆ, ಹಿರಿಯ ದರ್ಜೆ ಎಂದು ಪರೀಕ್ಷೆಗಳು. ನಿಮಿಷಕ್ಕೆ ಇಷ್ಟು ಶಬ್ದವೆಂದು ಲೆಕ್ಕ. ಆ ಲೆಕ್ಕವನ್ನು ಮುಟ್ಟಿದ ಹುಡುಗ ಹುಡುಗಿಯರ ಮನೆಯಲ್ಲಿ ಅಂದು ಪಾಯಸವಾಗುತ್ತಿತ್ತು.

ಆ ಕಾಲ ಸರಿದುಹೋಯಿತು. ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಮುಚ್ಚಿತು. 2011ರ ಹೊತ್ತಿಗೆ ಗೋದ್ರೆಜ್ ಕಂಪನಿಯೂ ಬೆರಳಚ್ಚು ಯಂತ್ರದ ತಯಾರಿಕೆಯನ್ನು ನಿಲ್ಲಿಸಿಬಿಟ್ಟಿತ್ತು. ಇಂದು ಆಡಿದ ಮಾತನ್ನು ಯಂತ್ರವೇ ಕೇಳಿ ಬರೆದುಕೊಳ್ಳುತ್ತದೆ. ಪತ್ರದ ಕರಡನ್ನೂ ಮಾಡಿಕೊಡುತ್ತದೆ. ಸಭೆಯ ಹೊತ್ತನ್ನು ನೆನಪಿಸುತ್ತದೆ. ಇದನ್ನು ಕಂಡು ಕೆಲವರು ಕಾರ್ಯದರ್ಶಿಯ ಉದ್ಯೋಗವೇ ಮುಗಿಯಿತೆಂದು ಹೇಳತೊಡಗಿದ್ದಾರೆ. ನನಗೆ ತೋರುವುದು ಬೇರೆ. ಆ ಉದ್ಯೋಗದಲ್ಲಿ ಯಂತ್ರಕ್ಕೆ ಸಲ್ಲುವ ಭಾಗ ಯಂತ್ರಕ್ಕೆ ಹೋಯಿತು. ಮನುಷ್ಯನಿಗೇ ಮೀಸಲಾದ ಭಾಗ ಈಗ ನಿಚ್ಚಳವಾಗಿ ಕಣ್ಣಿಗೆ ಬೀಳುತ್ತಿದೆ. ಮನುಷ್ಯರ ನಡುವೆ ನಿಂತು ಮಾತು, ಮೌನ, ನಯ, ನಿಷ್ಠುರಗಳನ್ನು ಹದವಾಗಿ ಬಳಸುವುದೇ ಆ ಭಾಗ. ಅದನ್ನು ಮಾತ್ರ ನಾವು ಯಾವ ಇನ್‌ಸ್ಟಿಟ್ಯೂಟಿನಲ್ಲಿಯೂ ಕಲಿಸಲಿಲ್ಲ.

ಕಾರ್ಯದರ್ಶಿ ಕೂರುವ ಸ್ಥಳ ಹೊಸ್ತಿಲು. ಒಳಗೆ ಅಧಿಕಾರ, ಹೊರಗೆ ಅಗತ್ಯ. ಎರಡಕ್ಕೂ ನಡುವೆ ಅವರ ಮೇಜು. ನಮ್ಮ ಹಿಂದಿನವರು ಈ ಸ್ಥಳದ ಅಪಾಯವನ್ನು ಚೆನ್ನಾಗಿ ಅರಿತಿದ್ದರು. ವೈಕುಂಠದ ಬಾಗಿಲು ಕಾಯುತ್ತಿದ್ದ ಜಯವಿಜಯರ ಕಥೆಯನ್ನು ನೆನೆದುಕೊಳ್ಳಿ. ಬಂದ ಸನಕಾದಿಗಳು ಯಾರೆಂದು ವಿಚಾರಿಸಲಿಲ್ಲ, ತಡೆದರು, ಶಾಪಕ್ಕೆ ಈಡಾಗಿ ರಾಕ್ಷಸರಾಗಿ ಹುಟ್ಟಿದರು. ಬಾಗಿಲು ಕಾಯುವುದು ಅವರ ಕರ್ತವ್ಯವೇ ಆಗಿತ್ತು. ಕೆಟ್ಟದ್ದು ತಡೆದ ರೀತಿ. ಅಧಿಕಾರದ ನೆರಳಿನಲ್ಲಿ ಬಹುಕಾಲ ನಿಂತವನಿಗೆ ಆ ನೆರಳೇ ತನ್ನ ಮೈಯೆಂಬ ಭ್ರಾಂತಿ ಹುಟ್ಟುತ್ತದೆ. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬ ಗಾದೆ ಹುಟ್ಟಿದ್ದು ಗುಡಿಯಲ್ಲಾದರೂ ಅದು ಇಂದು ಹೆಚ್ಚಾಗಿ ಕೇಳಿಬರುವುದು ಕಛೇರಿಗಳ ಪಡಸಾಲೆಯಲ್ಲಿ.

ಹಾಗಾದರೆ ಈ ಹೊಸ್ತಿಲಿನ ಮೊದಲ ವಿದ್ಯೆ ಯಾವುದು? ‘ಇಲ್ಲ’ ಎನ್ನುವುದನ್ನು ಕಲಿಯುವುದು ಎಂದು ನನ್ನ ಭಾವನೆ. ಬಂದವರೆಲ್ಲರನ್ನೂ ಒಳಗೆ ಬಿಡಲಾಗುವುದಿಲ್ಲ. ಬಿಟ್ಟರೆ ಒಳಗಿನ ಕೆಲಸ ಸಾಗುವುದಿಲ್ಲ. ಆದರೆ ನಮ್ಮ ಜನಕ್ಕೆ ‘ಇಲ್ಲ’ ಎನ್ನಲು ಸಂಕೋಚ. ಅದಕ್ಕಾಗಿ ‘ನೋಡೋಣ’ ಎನ್ನುತ್ತೇವೆ, ‘ನಾಳೆ ಬನ್ನಿ’ ಎನ್ನುತ್ತೇವೆ. ಈ ಎರಡು ಮಾತುಗಳು ಕೇಳಲು ಮೃದು. ಪರಿಣಾಮದಲ್ಲಿ ಬಹು ಕ್ರೂರ. ಹೊಸಕೋಟೆಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಮುದುಕನಿಗೆ ‘ನಾಳೆ ಬನ್ನಿ’ ಎಂದರೆ ಅವನ ಒಂದು ದಿನವನ್ನು ಕಿತ್ತುಕೊಂಡಂತೆಯೇ ಸರಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಛೇರಿಯಲ್ಲಿ ಆಪ್ತ ಸಹಾಯಕಿ. ಒಂದು ದಿನ ನಿವೃತ್ತ ನೌಕರರೊಬ್ಬರು ತಮ್ಮ ಬಾಕಿ ಹಣದ ವಿಚಾರವಾಗಿ ಬಂದರಂತೆ. ಇವಳ ಅಧಿಕಾರಿ ಒಳಗಿನಿಂದ, “ನಾನಿಲ್ಲವೆಂದು ಹೇಳಿಬಿಡಮ್ಮ” ಎಂದರು. ಈಕೆ ಹೊರಗೆ ಬಂದು ಹೇಳಿದ್ದು ಹೀಗೆ: “ಸಾಹೇಬರು ಇದ್ದಾರೆ, ಆದರೆ ಇವತ್ತು ನಿಮ್ಮನ್ನು ನೋಡಲಾರರು. ನಿಮ್ಮ ಕಾಗದ ಕೊಡಿ, ಇಂದೇ ಅವರ ಮುಂದೆ ಇಡುತ್ತೇನೆ. ಗುರುವಾರ ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿ. ಅಲ್ಲಿಯವರೆಗೆ ನೀವು ಬರಬೇಕಾಗಿಲ್ಲ.” ಆ ಹಿರಿಯರು ಕೈಮುಗಿದು ಹೋದರು. ಅಧಿಕಾರಿ ಸಿಟ್ಟಾದರು. ಆಗ ಅವಳು, “ಸರ್, ನೀವು ಮಾತಾಡುತ್ತಿದ್ದುದು ಅವರಿಗೆ ಕೇಳಿಸುತ್ತಿತ್ತು. ಇಲ್ಲವೆಂದಿದ್ದರೆ ಅವರು ನನ್ನನ್ನು ಸುಳ್ಳುಗಾತಿಯೆನ್ನುತ್ತಿರಲಿಲ್ಲ, ನಿಮ್ಮನ್ನು ಸುಳ್ಳುಗಾರರೆನ್ನುತ್ತಿದ್ದರು” ಎಂದಳಂತೆ. ಅಧಿಕಾರಿಗೆ ನಗು ಬಂತು. ಗುರುವಾರ ಕಾಗದಕ್ಕೆ ರುಜುವೂ ಬಿತ್ತು.

ಈ ಸಣ್ಣ ಸಂಗತಿಯಲ್ಲಿ ಇಡೀ ವಿದ್ಯೆ ಅಡಗಿದೆ. ಅವಳು ಅಧಿಕಾರಿಯ ಹೊತ್ತನ್ನು ಉಳಿಸಿದಳು, ಬಂದವರ ಮಾನವನ್ನು ಉಳಿಸಿದಳು, ತನ್ನ ಮಾತಿನ ಬೆಲೆಯನ್ನೂ ಉಳಿಸಿಕೊಂಡಳು. ನಿರಾಕರಣೆಯಲ್ಲಿ ಸತ್ಯ ಇರಬೇಕು, ಮುಂದಿನ ದಾರಿ ಇರಬೇಕು, ಗೊತ್ತಾದ ದಿನ ಇರಬೇಕು. ಈ ಮೂರೂ ಇದ್ದರೆ ‘ಇಲ್ಲ’ ಎಂಬ ಮಾತೂ ಉಪಕಾರವಾಗುತ್ತದೆ.

ಎರಡನೆಯದು ಗುಟ್ಟನ್ನು ಕಾಯುವುದು. ಇಲ್ಲಿ ಕನ್ನಡದ ಒಬ್ಬ ದೊಡ್ಡ ಕವಿಯ ನೆನಪಾಗುತ್ತದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಸಂಧಿ ವಿಗ್ರಹಗಳ ವ್ಯವಹಾರವನ್ನು ನೋಡುವ ಆ ಪದವಿಯವನಿಗೆ ಅರಮನೆಯ ಒಳಮಾತುಗಳೆಲ್ಲ ತಿಳಿದಿರುತ್ತಿದ್ದುವು. ಅಂಥವನು ಕನ್ನಡಕ್ಕೆ ತರಲು ಆರಿಸಿಕೊಂಡ ಕೃತಿ ಪಂಚತಂತ್ರ ಎಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಪಂಚತಂತ್ರದ ಮೊದಲ ಕಥೆಯಲ್ಲಿ ದಮನಕನೆಂಬ ನರಿಯಿದೆ. ಸಿಂಹಕ್ಕೂ ಎತ್ತಿಗೂ ಸ್ನೇಹ ಬೆಳೆಸಿದವನೂ ಅವನೇ, ಆ ಸ್ನೇಹದಿಂದ ತನ್ನ ಸ್ಥಾನ ಕುಗ್ಗಿತೆಂದು ಕಂಡಾಗ ಅತ್ತ ಒಂದು ಇತ್ತ ಒಂದು ಹೇಳಿ ಎತ್ತನ್ನು ಕೊಲ್ಲಿಸಿದವನೂ ಅವನೇ. ಹೊಸ್ತಿಲ ಮೇಲೆ ಕೂತವನಿಗೆ ಎರಡೂ ಕಡೆಯ ಕಿವಿ ಸಿಗುತ್ತದೆ. ಅದೇ ಅವನ ಬಲ, ಅದೇ ಅವನ ಪ್ರಲೋಭನೆ. ಇಂದಿನ ಕಛೇರಿಗಳಲ್ಲಿ ದಮನಕರು ಎತ್ತನ್ನು ಕೊಲ್ಲಿಸುವುದಿಲ್ಲ. ಒಬ್ಬರ ಬಡ್ತಿಯನ್ನು ತಪ್ಪಿಸುತ್ತಾರೆ, ಇನ್ನೊಬ್ಬರನ್ನು ದೂರದ ಊರಿಗೆ ವರ್ಗ ಮಾಡಿಸುತ್ತಾರೆ. ಕೇಳಿದ್ದನ್ನೆಲ್ಲ ಹೇಳದಿರುವುದು, ಹೇಳಬೇಕಾದ್ದನ್ನು ಉಪ್ಪುಖಾರ ಹಚ್ಚದೆ ಹೇಳುವುದು, ಒಬ್ಬರ ಸಿಟ್ಟಿನ ಮಾತನ್ನು ಇನ್ನೊಬ್ಬರ ಮುಂದೆ ಅದೇ ಬಿಸಿಯಲ್ಲಿ ಬಡಿಸದಿರುವುದು: ಇವು ಕಾರ್ಯದರ್ಶಿಯ ಶೀಲ.

ಆದರೆ ಬಾಯಿ ಮುಚ್ಚಿರುವುದೆಂದರೆ ಒಡೆಯನಿಗೆ ಸದಾ ಹೌದೆನ್ನುವುದಲ್ಲ. ಮಹಾಭಾರತದ ಸಂಜಯನನ್ನು ನಾವು ಯುದ್ಧದ ವರದಿ ಒಪ್ಪಿಸಿದವನೆಂದು ಮಾತ್ರ ನೆನೆಯುತ್ತೇವೆ. ಉದ್ಯೋಗಪರ್ವದಲ್ಲಿ ಅವನ ನಡವಳಿಕೆಯನ್ನು ಗಮನಿಸಬೇಕು. ಪಾಂಡವರಲ್ಲಿಗೆ ದೂತನಾಗಿ ಹೋಗಿ ಹಿಂದಿರುಗಿದವನು ರಾತ್ರಿ ಧೃತರಾಷ್ಟ್ರನನ್ನು ಏಕಾಂತದಲ್ಲಿ ಕಂಡು, ತಪ್ಪು ನಿನ್ನದೇ ಎಂದು ನೇರವಾಗಿ ಹೇಳುತ್ತಾನೆ. ಧರ್ಮರಾಯನ ಸಂದೇಶವನ್ನು ಮರುದಿನ ಸಭೆಯಲ್ಲಿ ಅರುಹುವೆನೆಂದು ಬೀಳ್ಕೊಳ್ಳುತ್ತಾನೆ. ಒಡೆಯನನ್ನು ತಿದ್ದುವ ಮಾತು ಏಕಾಂತಕ್ಕೆ. ಹೊತ್ತು ತಂದ ಸಂದೇಶ ಎಲ್ಲರೆದುರಿಗೆ. ಈ ವಿಂಗಡಣೆಯಲ್ಲಿ ಎಂಥ ಔಚಿತ್ಯವಿದೆ! ಸಭೆಯಲ್ಲಿ ಯಜಮಾನನನ್ನು ಹೀಯಾಳಿಸುವವನು ಉದ್ಧಟ. ಏಕಾಂತದಲ್ಲಿಯೂ ಸತ್ಯ ಹೇಳದವನು ಭಟ್ಟಂಗಿ. ಕಾರ್ಯದರ್ಶಿ ಈ ಎರಡೂ ಆಗಬಾರದು.

ದಂಡುಪ್ರದೇಶದ ಚರಿತ್ರೆಯಿಂದಲೇ ಒಂದು ನಿದರ್ಶನ ಕೊಡುತ್ತೇನೆ. ಅಲಿ ಅಸ್ಕರ್ ರಸ್ತೆಯ ಹೆಸರನ್ನು ಬೆಂಗಳೂರಿನವರು ಕೇಳಿದ್ದಾರೆ. ಪರ್ಷಿಯಾದಿಂದ ಬಂದು ಇಲ್ಲಿ ಕುದುರೆಯ ವ್ಯಾಪಾರ ಮಾಡಿದ ಆ ಅಲಿ ಅಸ್ಕರರ ಮೊಮ್ಮಗನೇ 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿರ್ಜಾ ಇಸ್ಮಾಯಿಲ್. ದಿವಾನರಾಗಿ, 1926ರಿಂದ 1941ರವರೆಗೆ, ಅವರು ಮಾಡಿದ ಕೆಲಸವನ್ನು ನಾಡು ಇಂದಿಗೂ ನೆನೆಯುತ್ತದೆ. ಅದಕ್ಕೆ ಮೊದಲು ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಖಾಸಗಿ ಕಾರ್ಯದರ್ಶಿಯಾಗಿದ್ದವರೆಂಬುದನ್ನು ನೆನೆಯುವವರು ಕಡಮೆ. ಬಾಲ್ಯದಲ್ಲಿ ಮಹಾರಾಜರೊಡನೆ ಕೂತು ಪಾಠ ಕಲಿತವರು ಆಮೇಲೆ ಅವರ ಕೈಕೆಳಗೆ ಕೆಲಸಕ್ಕೆ ನಿಂತರು. ಸಹಪಾಠಿ ಒಡೆಯನಾದಾಗ ಸಲಿಗೆ ಎಲ್ಲಿ ನಿಲ್ಲಬೇಕು, ಮರ್ಯಾದೆ ಎಲ್ಲಿ ಮೊದಲಾಗಬೇಕು ಎಂಬುದನ್ನು ಅರಿಯದವನು ಆ ಸ್ಥಾನದಲ್ಲಿ ಬಾಳಲಾರ. ಆ ಹದವನ್ನು ಬಲ್ಲವರಾದುದರಿಂದಲೇ ಮಹಾರಾಜರು ಮುಂದೆ ರಾಜ್ಯವನ್ನೇ ಅವರ ಕೈಗಿತ್ತರೆಂದು ನಾನು ತಿಳಿಯುತ್ತೇನೆ. ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಮಾತೂ ಹೀಗೆಯೆ. 1917ರಿಂದ 1942ರಲ್ಲಿ ಬಂಧನದಲ್ಲಿಯೇ ಮಡಿಯುವವರೆಗೆ ಇಪ್ಪತ್ತೈದು ವರ್ಷ ಅವರು ಗಾಂಧೀಜಿಯ ಜೊತೆಗಿದ್ದರು; ಗುಜರಾತಿಯ ಆತ್ಮಕಥೆಯನ್ನು ಇಂಗ್ಲಿಷಿಗೆ ಮಾಡಿದವರೂ ಅವರೇ. ಇನ್ನೊಬ್ಬರ ದನಿಯನ್ನು ಅಷ್ಟು ನಿಷ್ಠೆಯಿಂದ ಹಿಡಿಯಬೇಕಾದರೆ ಮೊದಲು ಕೇಳುವ ಶಕ್ತಿ ಬೇಕು. ಕೇಳುವುದೆಂದರೆ ಸುಮ್ಮನಿರುವುದೆಂದು ನಾವು ತಿಳಿದಿದ್ದೇವೆ. ಅದು ಒಂದು ಕೆಲಸ, ಅದಕ್ಕೂ ಅಭ್ಯಾಸ ಬೇಕು. ಬಂದವರು ಆಡಿದ್ದೇನು, ಆಡಲಾರದೆ ಉಳಿಸಿಕೊಂಡದ್ದೇನು, ಎರಡನ್ನೂ ತಿಳಿದು ತಮ್ಮ ಮಾತಿನಲ್ಲಿ ಒಮ್ಮೆ ಹಿಂದಿರುಗಿಸಿ, ‘ನೀವು ಹೇಳಿದ್ದು ಇದೇ ತಾನೇ?’ ಎಂದು ಕೇಳುವ ಕಾರ್ಯದರ್ಶಿಯಿಂದ ಅರ್ಧ ಜಗಳಗಳು ಅಲ್ಲಿಯೇ ತೀರುತ್ತವೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಗೆ ಕೇಳಬಲ್ಲವನಿಗೂ ಜಗಳವಿಲ್ಲ ಎಂದು ಸೇರಿಸಿಕೊಳ್ಳಬಹುದು.

ಬೆಂಗಳೂರಿನ ಪೂರ್ವಭಾಗದಲ್ಲಿ ಈ ಕೇಳುವ ವಿದ್ಯೆಗೆ ಇನ್ನೊಂದು ಮುಖವಿದೆ. 1809ರಲ್ಲಿ ದಂಡು ನೆಲಸಿದಂದಿನಿಂದ ಈ ಭಾಗದಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಒಂದೇ ಬೀದಿಯಲ್ಲಿ ಬಾಳಿವೆ. 1949ರಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳು ಒಂದಾದುವು. ಭಾಷೆಗಳು ತಮ್ಮ ತಮ್ಮ ಮನೆಯಲ್ಲಿ ಉಳಿದುವು. ಇಲ್ಲಿಯ ಕಾರ್ಯದರ್ಶಿ ಬಂದವರ ಮುಖ ನೋಡಿ ಅವರ ಭಾಷೆಯಲ್ಲಿ ಎರಡು ಮಾತು ಆಡಬಲ್ಲವರಾದರೆ ಅದು ದೊಡ್ಡ ಗುಣ. ಆದರೆ ಈ ಔದಾರ್ಯ ಎಲ್ಲ ಭಾಷೆಗಳಿಗೂ ಸಂದು, ಈ ನೆಲದ ಭಾಷೆಗೇ ಸಲ್ಲದೆ ಹೋಗುವ ಕಛೇರಿಗಳನ್ನು ನಾನು ಕಂಡಿದ್ದೇನೆ. ಗಾಜಿನ ಬಾಗಿಲು ನೂಕಿಕೊಂಡು ಬಂದ ಕನ್ನಡಿಗ ತನ್ನ ಅಹವಾಲನ್ನು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿಕೊಂಡು, ಅಪರಾಧಿಯಂತೆ ನಿಂತಿರುವುದನ್ನು ನೋಡಿದರೆ ಮನಸ್ಸು ಕುಗ್ಗುತ್ತದೆ. 1963ರಲ್ಲಿಯೇ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರುವ ಕಾಯಿದೆಯಾಯಿತು. ಕಾಯಿದೆಗಿಂತ ಮುಖ್ಯವಾದದ್ದು ಬಾಗಿಲ ಬಳಿಯ ಆ ಮೊದಲ ಮಾತು. ‘ಬನ್ನಿ, ಕೂತುಕೊಳ್ಳಿ, ಏನಾಗಬೇಕಿತ್ತು?’ ಎಂಬ ಮಾತಿಗೆ ಸರ್ಕಾರದ ಖರ್ಚೇನೂ ಇಲ್ಲ. ಹಾಗೆಯೇ ಅಧಿಕಾರಿಗೆ ‘ತಾವು’, ಜವಾನನಿಗೆ ‘ನೀನು’ ಎನ್ನುವ ಅಭ್ಯಾಸವನ್ನೂ ಬಿಡಬೇಕು. ಕಛೇರಿಯ ನಿಜವಾದ ಸಮಾಚಾರ ಜವಾನನಿಗೆ, ಡ್ರೈವರಿಗೆ, ಕಸ ಗುಡಿಸುವ ತಾಯಿಗೆ ಮೊದಲು ತಿಳಿದಿರುತ್ತದೆ; ಅವರನ್ನು ಗೌರವದಿಂದ ಕಂಡ ಕಾರ್ಯದರ್ಶಿಯ ಕೆಲಸ ಎಂದೂ ನಿಲ್ಲುವುದಿಲ್ಲ.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ‘ನಯ, ತಾಳ್ಮೆ ಇವೆಲ್ಲ ಹುಟ್ಟುಗುಣಗಳು, ಕಲಿಸಿದರೆ ಬರುವುವೆ?’ ಎಂದು. ಸಂಗೀತಕ್ಕೂ ಕಂಠ ಹುಟ್ಟಿನಿಂದ ಬರಬೇಕು. ಹಾಗೆಂದು ಯಾರೂ ಸರಳೆ ವರಸೆಯನ್ನು ಬಿಡುವುದಿಲ್ಲವಷ್ಟೆ. ಇನ್ನು ಕೆಲವರು, ‘ಇವು ಹೆಂಗಸರಿಗೆ ಸಹಜವಾದ ಗುಣಗಳು, ಆದ್ದರಿಂದ ಆ ಮೇಜಿಗೆ ಹೆಂಗಸರೇ ಸರಿ’ ಎನ್ನುತ್ತಾರೆ. ಇದು ಹೊಗಳಿಕೆಯ ವೇಷ ತೊಟ್ಟ ಅನ್ಯಾಯ. ಶಾಸನಗಳ ಸೇನಬೋವನಿಂದ ಹಿಡಿದು ಹಳ್ಳಿಯ ಶಾನುಭೋಗನವರೆಗೆ ಲೆಕ್ಕ, ಪತ್ರ, ಗುಟ್ಟುಗಳ ಉದ್ಯೋಗ ಗಂಡಸರದೇ ಆಗಿತ್ತು. ಆಗ ಯಾರೂ ಅದಕ್ಕೆ ಮುಗುಳುನಗೆಯನ್ನು ಅರ್ಹತೆಯೆಂದು ಗೊತ್ತುಮಾಡಲಿಲ್ಲ. ನಗುನಗುತ್ತ ಕಾಫಿ ತಂದುಕೊಡುವುದು, ಯಜಮಾನರ ಮನೆಯ ಹುಟ್ಟುಹಬ್ಬಕ್ಕೆ ಕೇಕು ಕೊಳ್ಳುವುದು, ರಾತ್ರಿ ಹನ್ನೊಂದಕ್ಕೆ ಬಂದ ಫೋನಿಗೆ ಉತ್ತರ ಕೊಡುವುದು, ಇವನ್ನೆಲ್ಲ ‘ಹೊಂದಾಣಿಕೆ’ ಎಂಬ ಹೆಸರಿನಲ್ಲಿ ಕೇಳುವ ಕಛೇರಿಗಳುಂಟು. ಕೆಲಸದ ಸ್ಥಳದಲ್ಲಿ ಹೆಣ್ಣಿಗೆ ಲೈಂಗಿಕ ಕಿರುಕುಳವಾಗದಂತೆ 2013ರಲ್ಲಿ ಕಾಯಿದೆ ಬಂದಿದೆ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಸಮಿತಿಯಿರಬೇಕೆಂದು ಅದು ವಿಧಿಸುತ್ತದೆ. ನಯವನ್ನು ಕಲಿಸುವ ಪಾಠದಲ್ಲಿ ಈ ಕಾಯಿದೆಯ ಪಾಠವೂ ಸೇರಿರಬೇಕು. ಎಲ್ಲಿ ಬಾಗಬೇಕೆಂಬುದರ ಜೊತೆಗೆ ಎಲ್ಲಿ ಬಾಗಬಾರದೆಂಬುದನ್ನೂ ತಿಳಿದವರಿಗೇ ನಯವು ಭೂಷಣ. ಮಿಕ್ಕವರಿಗೆ ಅದು ಸಂಕೋಲೆ.

ಯಜಮಾನರಿಗೂ ಒಂದು ಮಾತು. ಕಾರ್ಯದರ್ಶಿಯ ನಡೆನುಡಿ ಬಹುಮಟ್ಟಿಗೆ ಒಳಕೋಣೆಯ ಪ್ರತಿಬಿಂಬ. ಒಳಗಿನವರು ಮಾತಿಗೆ ತಪ್ಪಿದರೆ ಹೊರಗಿನವರು ಸುಳ್ಳು ಹೇಳಬೇಕಾಗುತ್ತದೆ. ಒಳಗೆ ಗದರಿಕೆ ಕೇಳಿದವರು ಹೊರಗೆ ಅದನ್ನು ಬಡ್ಡಿಸಮೇತ ಹಂಚುತ್ತಾರೆ. ಕೆಲಸ ಕೆಟ್ಟಾಗ ಹೆಸರು ಹೇಳಿ ದೂರುವವರು, ಕೆಲಸ ಸಾಧಿಸಿದಾಗಲೂ ಹೆಸರು ಹೇಳಿ ಮೆಚ್ಚಬೇಕು. ಗುಟ್ಟನ್ನು ಕಾಯಿರೆಂದು ಕೇಳುವವರು ಗುಟ್ಟಿಡಲು ಯೋಗ್ಯವಾದ ಕೆಲಸವನ್ನೇ ಮಾಡಬೇಕು.

ಕಡೆಯದಾಗಿ ನಾನು ಕಲಿಸುವ ವಿಷಯಕ್ಕೆ ಬರುತ್ತೇನೆ. ಪದವಿ ತರಗತಿಯ ಕನ್ನಡ ಪಾಠದಲ್ಲಿ ನಾವು ಹಳಗನ್ನಡ ಪದ್ಯದ ಅನ್ವಯ ಹೇಳುತ್ತೇವೆ, ಪ್ರಬಂಧ ಬರೆಸುತ್ತೇವೆ. ಅವು ಬೇಕು; ಭಾಷೆಯ ಹದವನ್ನು ಕಲಿಸುವುವು ಅವೇ. ಅವುಗಳ ಜೊತೆಗೆ ವಾಣಿಜ್ಯ ವಿಭಾಗದ ಮಕ್ಕಳಿಗಾದರೂ ಕೆಲವು ಅಭ್ಯಾಸಗಳನ್ನು ಕೊಡಬಾರದೇಕೆ? ನೋಯಿಸದೆ ನಿರಾಕರಿಸುವ ಒಂದು ಪತ್ರ. ಇಬ್ಬರು ಜಗಳವಾಡಿದ ಸಭೆಯ ನಡವಳಿಯನ್ನು ಇಬ್ಬರೂ ಒಪ್ಪುವಂತೆ ಬರೆಯುವುದು. ಸಿಟ್ಟಿನಿಂದ ಬಂದವನ ಮಾತನ್ನು ಕೇಳಿ ಐದು ಸಾಲಿನಲ್ಲಿ ಅವನ ಅಹವಾಲನ್ನು ಬರೆದುಕೊಳ್ಳುವುದು. ಮೇಲಧಿಕಾರಿಯ ತಪ್ಪನ್ನು ಅವರಿಗೆ ಮಾತ್ರ ತಿಳಿಯುವಂತೆ ತಿಳಿಸುವುದು. ಇವಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಹೆಚ್ಚಿನ ಅನುದಾನವೂ ಬೇಡ. ವಾರಕ್ಕೊಂದು ಪಾಠದ ಹೊತ್ತು ಸಾಕು. ನಮ್ಮ ಸಹಕಾರ ಸಂಘಗಳಿಗೆ, ಗಣೇಶೋತ್ಸವ ಮಂಡಳಿಗಳಿಗೆ, ಅಪಾರ್ಟ್‌ಮೆಂಟಿನ ಸಂಘಗಳಿಗೆ ಕಾರ್ಯದರ್ಶಿಗಳಾಗುವವರೂ ಈ ಮಕ್ಕಳೇ ತಾನೆ? ಅಲ್ಲಿಯೂ ಒಡೆದುಹೋಗುವುದು ಲೆಕ್ಕ ತಪ್ಪಿದ್ದರಿಂದಲ್ಲ, ಬಹುಸಲ ಮಾತು ತಪ್ಪಿದ್ದರಿಂದ.

ಮುಂದಿನ ಸೋಮವಾರವೂ ಬೈಯಪ್ಪನಹಳ್ಳಿಯಿಂದ ಎಂಟೂವರೆಯ ಗಾಡಿ ಹೊರಡುತ್ತದೆ. ಅದರಲ್ಲಿ ಹೋಗುವ ಹುಡುಗ ಹುಡುಗಿಯರು ಹತ್ತು ಗಂಟೆಗೆ ತಮ್ಮ ತಮ್ಮ ಹೊಸ್ತಿಲುಗಳಲ್ಲಿ ಕೂತಿರುತ್ತಾರೆ. ಅವರ ಮುಂದೆ ಬಂದು ನಿಲ್ಲುವ ಸಾಮಾನ್ಯ ಮನುಷ್ಯನಿಗೆ ಆ ಸಂಸ್ಥೆಯೆಂದರೆ ಅವರೇ. ಒಳಗಿನವರ ಮುಖವನ್ನು ಅವನು ನೋಡದೆಯೂ ಹೋಗಬಹುದು. ಅವರ ಬೆರಳುಗಳಿಗೆ ನಾವು ಕೊಟ್ಟಷ್ಟು ಶಿಕ್ಷಣವನ್ನು ಅವರ ಮಾತಿಗೂ ಕಿವಿಗೂ ಕೊಡೋಣ. ಕೊಟ್ಟ ಮೇಲೆ ಆ ಕೆಲಸಕ್ಕೆ ಸಲ್ಲಬೇಕಾದ ಸಂಬಳವನ್ನೂ ಮರ್ಯಾದೆಯನ್ನೂ ಕೊಡೋಣ.